ಮಾದರಿ ಗೂಡ್ಸ್ ವ್ಯಾಗನ್‌ಗೆ ಬಣ್ಣ ಮತ್ತು ಡಿಕಾಲ್: ಕರಾವಳಿಯ ಹವೆಯಲ್ಲಿ ಯಾವುದನ್ನು ಆರಿಸಬೇಕು?

ವ್ಯಾಗನ್ ಮಾದರಿಗೆ ಬಣ್ಣ ಹೊಡೆಯಲು ಹೊರಟವರು ಮೊದಲು ಕೊಳ್ಳುವುದು ಬಣ್ಣದ ಡಬ್ಬಿ. ಅಕ್ಷರದ ಯೋಚನೆ, ಎಂದರೆ ನೀರಿನಲ್ಲಿ ಅದ್ದಿ ಮೈಮೇಲೆ ಜಾರಿಸಿ ಅಂಟಿಸುವ ತೆಳು ಫಿಲ್ಮ್ ಆದ ಡಿಕಾಲ್‌ನ ಯೋಚನೆ, ಬರುವುದು ಕೊನೆಗೆ. ಭಾರತೀಯ ರೈಲ್ವೆಯ ವ್ಯಾಗನ್ ಮಾಡುವುದಿದ್ದರೆ ಈ ಕ್ರಮವನ್ನು ತಿರುಗಿಸಬೇಕು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಹಳಿಯ ಬದಿಯಲ್ಲಿ ಎಲ್ಲಿ ನಿಂತರೂ ಹೆಚ್ಚಾಗಿ ಕಾಣುವುದು ಕೆಂಗಂದು ಮೈಯ ವ್ಯಾಗನ್‌ಗಳು: ಮೇಲ್ಭಾಗ ತೆರೆದಿರುವ ಬಾಕ್ಸ್‌ಎನ್, ಮುಚ್ಚಿದ ಬಿಸಿಎನ್. ಎರಡರ ಮೇಲೂ ಬರಹ ಬಿಳಿ. ಮನೆಯಲ್ಲಿರುವ ಪ್ರಿಂಟರ್ ಇಂಕ್‌ಜೆಟ್ ಆಗಲಿ ಲೇಸರ್ ಆಗಲಿ, ಬಿಳಿ ಬಣ್ಣ ಮುದ್ರಿಸುವುದಿಲ್ಲ. ಬಿಳಿ ಅಕ್ಷರವನ್ನು ಎಲ್ಲಿಂದ ಹೇಗೆ ತರುತ್ತೀರಿ ಎಂಬುದು ನಿಶ್ಚಯವಾದ ಮೇಲೆಯೇ ಅದರಡಿಯ ಬಣ್ಣ, ಮೇಲಿನ ವಾರ್ನಿಷ್, ಬಣ್ಣ ಹೊಡೆಯುವ ಸಾಧನ ಎಲ್ಲವೂ ತೀರ್ಮಾನವಾಗುತ್ತವೆ.

ಎರಡನೆಯ ಸಂಗತಿ ನಮ್ಮ ಹವೆ. ಡಬ್ಬಿಯ ಮೇಲೆ ಅಚ್ಚಾಗಿರುವ ಒಣಗುವ ಸಮಯ ಒಣ ಗಾಳಿಗೆ ಲೆಕ್ಕ ಹಾಕಿದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಸರಗೋಡಿನ ಗಾಳಿಯಲ್ಲಿ ಅಂಥ ದಿನ ಸಿಗುವುದು ಅಪರೂಪ. ಆನ್‌ಲೈನಿನಲ್ಲಿ ಸಿಗುವ ಸಣ್ಣ ಆರ್ದ್ರತೆ ಮಾಪಕವೊಂದನ್ನು ಕೆಲಸದ ಮೇಜಿನ ಮೇಲೆ ಇಟ್ಟುಕೊಳ್ಳಿ. ದುಬಾರಿ ಏರ್‌ಬ್ರಷ್‌ಗಿಂತ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ, ಪೆನ್ನಿನಂಥ ಸಾಧನ) ಮೊದಲು ಕೊಳ್ಳಬೇಕಾದದ್ದು ಅದು. ಕೆಳಗಿನ ಹಲವು ಆಯ್ಕೆಗಳು ಅದು ತೋರಿಸುವ ಅಂಕಿಯ ಮೇಲೆಯೇ ನಿಂತಿವೆ.

ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇವೆ. ಬಾಕ್ಸ್‌ಎನ್ ವ್ಯಾಗನ್‌ನ ನಿಜವಾದ ಉದ್ದ ಕಪ್ಲರ್‌ನಿಂದ ಕಪ್ಲರ್‌ಗೆ 10,713 ಮಿ.ಮೀ. 1:87ರ ಎಚ್‌ಒ ಪ್ರಮಾಣದಲ್ಲಿ ಅದು 123 ಮಿ.ಮೀ. ಆಗುತ್ತದೆ, 1:160ರ ಎನ್ ಪ್ರಮಾಣದಲ್ಲಿ 67 ಮಿ.ಮೀ. ಬಿಸಿಎನ್ 15,429 ಮಿ.ಮೀ., ಎಚ್‌ಒದಲ್ಲಿ 177. ಪೆಟ್ರೋಲಿಯಂ ಸಾಗಿಸುವ ಬಿಟಿಪಿಎನ್ ಟ್ಯಾಂಕರ್ 12,420 ಮಿ.ಮೀ., ಎಚ್‌ಒದಲ್ಲಿ 143. ವ್ಯಾಗನ್ ಮೇಲಿನ 50 ಮಿ.ಮೀ. ಎತ್ತರದ ಅಕ್ಷರ ಎಚ್‌ಒದಲ್ಲಿ 0.57 ಮಿ.ಮೀ. ಮಾತ್ರ. 600 ಡಿಪಿಐ ಪ್ರಿಂಟರ್‌ನ ಒಂದು ಚುಕ್ಕಿ ಸುಮಾರು 0.042 ಮಿ.ಮೀ. ಇರುವುದರಿಂದ ಆ ಅಕ್ಷರದ ಎತ್ತರಕ್ಕೆ ಸಿಗುವುದು 13 ಚುಕ್ಕಿ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಹೇಗೋ ಓದಲು ಬರುತ್ತದೆ. ದೇವನಾಗರಿಯ ಒತ್ತು, ಮಾತ್ರೆಗಳು ಕಲಸಿಹೋಗುತ್ತವೆ. ಮುದ್ರಣಕ್ಕೆ 1,200 ಡಿಪಿಐ ಬೇಕು ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಬಿಳಿ ಅಕ್ಷರಕ್ಕೆ ಇರುವ ದಾರಿಗಳು

ಸಿದ್ಧ ಡಿಕಾಲ್ ಹಾಳೆ ಎಲ್ಲಕ್ಕಿಂತ ಚೆಂದ ಕೂರುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮಾಡಿದ ಹಾಳೆಯ ಫಿಲ್ಮ್ ತೆಳು, ಬಿಳಿ ದಟ್ಟ. ಮೈಕ್ರೋಸ್ಕೇಲ್‌ನಂಥ ಕಂಪನಿಗಳ ಹಾಳೆ ಇದಕ್ಕೆ ಮಾದರಿ. ತೊಂದರೆಯೆಂದರೆ ಅವು ಬಹುಪಾಲು ಅಮೆರಿಕದ ರೈಲ್ವೆಗಳವು. ಭಾರತೀಯ ವ್ಯಾಗನ್‌ಗೆ ಸಣ್ಣ ತಯಾರಕರು ಮಾಡಿದ ಹಾಳೆ ಸಿಕ್ಕರೂ ಅದರಲ್ಲಿ ನಾಲ್ಕೈದು ನಂಬರ್ ಇರುತ್ತವೆ, ಅಷ್ಟೆ. ಒಂದೆರಡು ವ್ಯಾಗನ್ ಕಪಾಟಿನಲ್ಲಿಡಲು ಸಾಕು, ರೇಕು (ಒಂದೇ ರೈಲಾಗಿ ಓಡುವ ವ್ಯಾಗನ್‌ಗಳ ಇಡೀ ಸಾಲು) ಕಟ್ಟಲು ಸಾಲದು. ವಿದೇಶಿ ಹಾಳೆಯಿಂದ ಬಿಡಿ ಅಂಕಿಗಳನ್ನು ಕತ್ತರಿಸಿ ಸೇರಿಸಬಹುದು. ಆದರೆ ವ್ಯಾಗನ್ ನಂಬರಿನ 11 ಅಂಕಿಗಳನ್ನು ಒಂದೊಂದಾಗಿ ಸಾಲಿನಲ್ಲಿ ನಿಲ್ಲಿಸುವ ಕೆಲಸವನ್ನು ಎರಡೂ ಬದಿಗೆ ಮಾಡುವ ತಾಳ್ಮೆ ಎಲ್ಲರಿಗೂ ಇರದು.

ರೇಕು ಕಟ್ಟುವವರಿಗೆ ನಮ್ಮ ಶಿಫಾರಸು ಬಿಳಿ ಟೋನರ್ ಮುದ್ರಣ. ಟೀಶರ್ಟ್, ಮಗ್ ಮೇಲೆ ಚಿತ್ರ ಹಾಕಿಕೊಡುವ ಅಂಗಡಿಗಳಲ್ಲಿ ಕೆಲವರ ಬಳಿ ಬಿಳಿ ಟೋನರ್ ಇರುವ ಲೇಸರ್ ಪ್ರಿಂಟರ್ ಇರುತ್ತದೆ. ಸಾಮಾನ್ಯ ಲೇಸರ್ ಪ್ರಿಂಟರ್‌ನಲ್ಲಿಯೂ ಕಪ್ಪು ಕಾರ್ಟ್ರಿಜ್ ಜಾಗದಲ್ಲಿ ಬಿಳಿ ಟೋನರ್ ಕಾರ್ಟ್ರಿಜ್ ಕೂರಿಸುವುದಿದೆ. ಕಾಸರಗೋಡಿನವರಿಗೆ ಹತ್ತಿರದ ದೊಡ್ಡ ಪೇಟೆ ಮಂಗಳೂರು. ಅಲ್ಲಿ ವಿಚಾರಿಸುವಾಗ ‘ಡಿಕಾಲ್ ಮಾಡಿಕೊಡುತ್ತೀರಾ’ ಎಂದು ಕೇಳಿದರೆ ವಾಹನಕ್ಕೆ ಅಂಟಿಸುವ ಸ್ಟಿಕ್ಕರ್ ತೋರಿಸುತ್ತಾರೆ. ‘ಬಿಳಿ ಟೋನರ್ ಇದೆಯೇ, ನಾನು ತಂದ ಹಾಳೆಯಲ್ಲಿ ಪ್ರಿಂಟ್ ಕೊಡುತ್ತೀರಾ’ ಎಂದು ಕೇಳಬೇಕು. ಹಾಳೆ ನೀವೇ ಒಯ್ಯಿರಿ: ನೀರಿನಲ್ಲಿ ಜಾರುವ, ಪಾರದರ್ಶಕ, ಲೇಸರ್‌ಗೆಂದೇ ಮಾಡಿದ ಡಿಕಾಲ್ ಹಾಳೆ. ಇಂಕ್‌ಜೆಟ್ ಹಾಳೆ ಲೇಸರ್ ಪ್ರಿಂಟರ್‌ನ ಬಿಸಿ ರೋಲರ್‌ನಲ್ಲಿ ಕರಗಿ ಅಂಟಿಕೊಂಡರೆ ಅಂಗಡಿಯವರ ಯಂತ್ರವೇ ಹಾಳು. ಫೈಲ್ ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ ಪರಿವರ್ತಿಸಿ ಪಿಡಿಎಫ್ ಮಾಡಿ. ಇಲ್ಲವಾದರೆ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದಿ ಫಾಂಟ್ ಇಲ್ಲದೆ ಅಕ್ಷರದ ಜಾಗದಲ್ಲಿ ಚೌಕಗಳು ಅಚ್ಚಾಗುತ್ತವೆ. ‘ಫಿಟ್ ಟು ಪೇಜ್’ ತೆಗೆದು ಶೇ. 100ರಲ್ಲೇ ಮುದ್ರಿಸಲು ಹೇಳಿ. ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆಯೊಂದನ್ನು ಸೇರಿಸಿದ್ದರೆ ಸ್ಕೇಲ್ ಇಟ್ಟು ಅಲ್ಲೇ ಪರೀಕ್ಷಿಸಬಹುದು.

ಟೋನರ್‌ನ ದೌರ್ಬಲ್ಯ ಇಷ್ಟು: ಅದು ಹಾಳೆಯ ಮೇಲ್ಮೈಯಲ್ಲಿ ಕೂತಿರುತ್ತದೆ, ಬಾಗಿದರೆ ಉದುರುತ್ತದೆ. ಮುದ್ರಿಸಿದ ಹಾಳೆಗೆ ಪಾರದರ್ಶಕ ಆ್ಯಕ್ರಿಲಿಕ್ ಸ್ಪ್ರೇಯ ಒಂದು ತೆಳು ಪದರ ಕೊಟ್ಟರೆ ನಿಲ್ಲುತ್ತದೆ. ಬಿಳಿಯ ದಟ್ಟತೆ ಸ್ಕ್ರೀನ್ ಪ್ರಿಂಟಿಂಗ್‌ಗಿಂತ ಕಡಿಮೆ. ಕೆಂಗಂದಿನ ಮೇಲೆ ಸ್ವಲ್ಪ ಗುಲಾಬಿ ಛಾಯೆ ಕಂಡೀತು, ಆದರೆ ಹಳೆಯ ವ್ಯಾಗನ್‌ನ ಧೂಳು ಹಿಡಿದ ಬರಹ ಹಾಗೆಯೇ ಇರುವುದರಿಂದ ಇದು ನಷ್ಟವಲ್ಲ.

ಇಂಕ್‌ಜೆಟ್ ಮಾತ್ರ ಇರುವವರಿಗೆ ಬಿಳಿ ಹಿನ್ನೆಲೆಯ ಡಿಕಾಲ್ ಹಾಳೆ ಉಳಿಯುತ್ತದೆ. ಸುತ್ತಲೂ ಕೆಂಗಂದು ಮುದ್ರಿಸಿ ಅಕ್ಷರದ ಜಾಗವನ್ನು ಖಾಲಿ ಬಿಡುವುದು. ಇದನ್ನು ಸುಲಭವೆಂದು ಅನೇಕರು ಆರಿಸಿ ಕೈಬಿಡುತ್ತಾರೆ, ಏಕೆಂದರೆ ಮುದ್ರಿತ ಕಂದು ಮತ್ತು ಮೈಯ ಕಂದು ಎಂದೂ ಒಂದೇ ಆಗುವುದಿಲ್ಲ. ಬಾಕ್ಸ್‌ಎನ್‌ನಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಅದರ ಬದಿಯಲ್ಲಿ ಲಂಬವಾದ ಕಂಬಪಟ್ಟಿಗಳಿವೆ, ನಡುವೆ ಚಪ್ಪಟೆ ತಗಡು. ಡಿಕಾಲನ್ನು ಅಕ್ಷರದ ಸುತ್ತ ಕತ್ತರಿಸುವ ಬದಲು ಎರಡು ಪಟ್ಟಿಗಳ ನಡುವಿನ ಇಡೀ ಅಂಕಣದ ಅಳತೆಗೆ ಕತ್ತರಿಸಿ. ಬಣ್ಣದ ವ್ಯತ್ಯಾಸ ಪಟ್ಟಿಯ ನೆರಳಿನಲ್ಲಿ ಅಡಗುತ್ತದೆ. ಒಂದು ತಗಡು ಬದಲಾಯಿಸಿದ ವ್ಯಾಗನ್ ನಿಜಜೀವನದಲ್ಲೂ ಹಾಗೆಯೇ ಕಾಣುತ್ತದೆ. ಕತ್ತರಿಸಿದ ಅಂಚಿನಲ್ಲಿ ಕಾಣುವ ಬಿಳಿ ಗೆರೆಗೆ ಮೈಬಣ್ಣವನ್ನು ಸಪೂರ ಬ್ರಷ್‌ನಲ್ಲಿ ತಾಗಿಸಬೇಕು. ಬಿಸಿಎನ್‌ನ ಬಾಗಿಲಿನ ಮೇಲೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಬಿಜಾಗರಿ, ಅಗಳಿಗಳ ಉಬ್ಬು ಬಹಳ, ದಪ್ಪ ಫಿಲ್ಮ್ ಕೂರದು. ಇಂಕ್‌ಜೆಟ್ ಶಾಯಿ ನೀರಿಗೆ ಕರಗುತ್ತದೆ ಎಂಬುದನ್ನು ಮರೆಯಬಾರದು: ಮುದ್ರಿಸಿ ಒಂದು ದಿನ ಒಣಗಿಸಿ, ಪಾರದರ್ಶಕ ಸ್ಪ್ರೇಯ ಮೂರು ತೆಳು ಪದರ ಕೊಟ್ಟು, ಮತ್ತೊಂದು ದಿನ ಬಿಟ್ಟು ಆಮೇಲೆಯೇ ನೀರಿಗೆ ಹಾಕಿ. ಮಳೆಗಾಲದಲ್ಲಿ ಎರಡು ದಿನ ಬಿಡಿ.

ಉಜ್ಜಿ ಅಂಟಿಸುವ ಒಣ ಟ್ರಾನ್ಸ್‌ಫರ್‌ಗೆ ಫಿಲ್ಮ್ ಇಲ್ಲ, ಆದ್ದರಿಂದ ಅಂಚೂ ಕಾಣದು, ಬಣ್ಣ ಮ್ಯಾಟ್ (ಹೊಳಪಿಲ್ಲದ್ದು) ಇದ್ದರೂ ನಡೆಯುತ್ತದೆ. ಆದರೆ ಒಮ್ಮೆ ತಾಗಿದರೆ ಅಲುಗಿಸಲು ಬಾರದು. ನಮ್ಮ ಸೆಕೆ ಮತ್ತು ತೇವದಲ್ಲಿ ವರ್ಷಗಟ್ಟಲೆ ಕೂತ ಹಾಳೆಯ ಅಂಟು ಸತ್ತು ಅಕ್ಷರ ಒಡೆಯುತ್ತದೆ. ಹಳೆಯ ದಾಸ್ತಾನು ಅಗ್ಗಕ್ಕೆ ಸಿಕ್ಕರೂ ಬೇಡ.

ವಿನೈಲ್ ಕತ್ತರಿಸಿದ ಮಾಸ್ಕ್ ಬಳಸುವವರೂ ಇದ್ದಾರೆ: ಮೊದಲು ಬಿಳಿ ಹೊಡೆದು, ಅಕ್ಷರದ ಆಕಾರದ ವಿನೈಲ್ ಅಂಟಿಸಿ, ಮೇಲೆ ಕೆಂಗಂದು ಹೊಡೆದು, ವಿನೈಲ್ ಕೀಳುವುದು. ಕಟ್ಟರ್ ಯಂತ್ರ 3 ಮಿ.ಮೀ.ಗಿಂತ ಸಣ್ಣ ಅಕ್ಷರವನ್ನು ಚೊಕ್ಕವಾಗಿ ಕತ್ತರಿಸದು. ಹಾಗಾಗಿ 1:32ರಂಥ ದೊಡ್ಡ ಪ್ರಮಾಣದ ದೊಡ್ಡ ಅಕ್ಷರಗಳಿಗೆ ಸರಿ, ಎಚ್‌ಒಗೆ ಆಗದು.

ಇನ್ನು ಟ್ಯಾಂಕರ್. ತಿಳಿ ಬಣ್ಣದ ಟ್ಯಾಂಕಿನ ಮೇಲೆ ಕಪ್ಪು ಅಕ್ಷರವಾದರೆ ಬಿಳಿಯ ಸಮಸ್ಯೆಯೇ ಇಲ್ಲ. ಪಾರದರ್ಶಕ ಹಾಳೆಯಲ್ಲಿ ಮನೆಯ ಲೇಸರ್ ಪ್ರಿಂಟರ್ ಸಾಕು. ಉಬ್ಬುತಗ್ಗೂ ಕಡಿಮೆ. ಡಿಕಾಲ್ ಕೆಲಸ ಹೊಸತಾಗಿ ಕಲಿಯುವವರು ಟ್ಯಾಂಕರ್‌ನಿಂದಲೇ ಆರಂಭಿಸಲಿ.

ನಂಬರ್ ಬರೆಯುವ ಲೆಕ್ಕ

ಸ್ವಂತ ಹಾಳೆ ಮಾಡಿಸುವ ದೊಡ್ಡ ಲಾಭ ಪ್ರತಿ ವ್ಯಾಗನ್‌ಗೂ ಬೇರೆ ನಂಬರ್ ಕೊಡಬಹುದು ಎಂಬುದು. ಆ ನಂಬರ್ ಮನಸ್ಸಿಗೆ ಬಂದದ್ದಾಗಬಾರದು. 11 ಅಂಕಿಗಳಲ್ಲಿ ಮೊದಲ ಎರಡು ವ್ಯಾಗನ್ ಬಗೆ: ತೆರೆದವು 10ರಿಂದ 29, ಮುಚ್ಚಿದವು 30ರಿಂದ 39, ಟ್ಯಾಂಕರ್ 40ರಿಂದ 49. ಮುಂದಿನ ಎರಡು ಒಡೆಯ ರೈಲ್ವೆ: ಮಧ್ಯ 01, ಪೂರ್ವ 02, ಉತ್ತರ 03, ದಕ್ಷಿಣ 06, ಆಗ್ನೇಯ 07, ಪಶ್ಚಿಮ 08, ದಕ್ಷಿಣ ಮಧ್ಯ 09, ನೈರುತ್ಯ 15. ಆಮೇಲಿನ ಎರಡು ತಯಾರಾದ ವರ್ಷ, ನಂತರ ನಾಲ್ಕು ಅಂಕಿಯ ಬಿಡಿ ಸಂಖ್ಯೆ, ಕೊನೆಯದು ನಂಬರ್ ಸರಿಯಿದೆಯೇ ಎಂದು ಪರೀಕ್ಷಿಸಲು ಇರುವ ತಾಳೆ ಅಂಕಿ.

ತಾಳೆ ಅಂಕಿ ಕಂಡುಹಿಡಿಯುವುದು ಹೀಗೆ. ದಕ್ಷಿಣ ರೈಲ್ವೆಯ, 2009ರಲ್ಲಿ ತಯಾರಾದ ತೆರೆದ ವ್ಯಾಗನ್‌ಗೆ 10 06 09 1234 ಎಂದು ಇಟ್ಟುಕೊಳ್ಳೋಣ. ಎಡದಿಂದ 2, 4, 6, 8, 10ನೆಯ ಸ್ಥಾನದ ಅಂಕಿಗಳು 0, 6, 9, 2, 4. ಮೊತ್ತ 21, ಮೂರರಿಂದ ಗುಣಿಸಿದರೆ 63. ಉಳಿದ ಸ್ಥಾನಗಳ ಅಂಕಿಗಳು 1, 0, 0, 1, 3, ಮೊತ್ತ 5. ಎರಡೂ ಸೇರಿ 68. ಮುಂದಿನ ಹತ್ತರ ಗುಣಕವಾದ 70ಕ್ಕೆ 2 ಕಡಿಮೆ, ಆದ್ದರಿಂದ ಕೊನೆಯ ಅಂಕಿ 2. ಸ್ಪ್ರೆಡ್‌ಶೀಟಿನಲ್ಲಿ ಒಂದು ಸೂತ್ರ ಬರೆದಿಟ್ಟರೆ ಇಡೀ ರೇಕಿನ ನಂಬರ್ ಒಂದೇ ಸಲಕ್ಕೆ ಬರುತ್ತದೆ.

ಕಾಸರಗೋಡಿನ ಹಳಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು ನಿಜ, ಆದರೆ ಅಲ್ಲಿ ಓಡುವ ವ್ಯಾಗನ್‌ಗಳು ದೇಶದ ಎಲ್ಲ ಕಡೆಯವು. ರೇಕಿನ ಎಲ್ಲ ವ್ಯಾಗನ್‌ಗೂ 06 ಕೊಟ್ಟರೆ ಬಲ್ಲವರ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. 02, 03, 07, 09 ಎಲ್ಲ ಬೆರೆಸಿ. ವರ್ಷವನ್ನೂ ನೋಡಿಕೊಳ್ಳಿ: ಬಾಕ್ಸ್‌ಎನ್ ಬಂದದ್ದು 1980ರ ದಶಕದಲ್ಲಿ, ಅದಕ್ಕೆ 72 ಎಂದು ವರ್ಷ ಹಾಕಿದರೆ ತಪ್ಪು.

ಬಣ್ಣ ಯಾವುದು

ಆ್ಯಕ್ರಿಲಿಕ್, ಎನಾಮೆಲ್, ಲ್ಯಾಕರ್ ಈ ಮೂರರಲ್ಲಿ ನಮ್ಮ ಕರಾವಳಿಗೆ ವರ್ಷದ ಹೆಚ್ಚು ತಿಂಗಳು ಹೊಂದುವುದು ಆ್ಯಕ್ರಿಲಿಕ್. ವಲೇಹೊ, ತಮಿಯಾ ಎರಡೂ ಭಾರತದಲ್ಲಿ ಸಿಗುತ್ತವೆ. ಎರಡನ್ನೂ ಒಂದೇ ರೀತಿ ತೆಳುಮಾಡಲು ಹೋಗಬೇಡಿ: ತಮಿಯಾ ಬಣ್ಣಕ್ಕೆ ಅದರದೇ ಎಕ್ಸ್-20ಎ ಥಿನ್ನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ, ವಲೇಹೊಗೆ ಆಲ್ಕೊಹಾಲ್ ಹಾಕಿದರೆ ಬಣ್ಣ ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ಏರ್‌ಬ್ರಷ್ ಕಟ್ಟಿಕೊಳ್ಳುತ್ತದೆ. ಹಿಡಿತದಲ್ಲಿ ತಮಿಯಾ ಮುಂದು, ವಾಸನೆ ಕಡಿಮೆ ಇರುವುದರಲ್ಲಿ ವಲೇಹೊ. ಮಾಸ್ಕಿಂಗ್ ಟೇಪ್ ಬಳಸುವುದಿದ್ದರೆ ತಮಿಯಾ ಆರಿಸಿ. ವಲೇಹೊದ ಪದರ ಪ್ರೈಮರ್ ಸರಿಯಿಲ್ಲದಿದ್ದರೆ ಟೇಪಿನೊಡನೆ ಎದ್ದು ಬರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆ್ಯಕ್ರಿಲಿಕ್ ಸೂಜಿಯ ತುದಿಯಲ್ಲೇ ಒಣಗುತ್ತದೆ. ಬಟ್ಟಲಿಗೆ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಹಾಕಿ, ಆಗಾಗ ಸೂಜಿಯ ತುದಿಯನ್ನು ಒದ್ದೆ ಬ್ರಷ್‌ನಿಂದ ಒರೆಸಿಕೊಂಡರೆ ಸರಿಯಾಗುತ್ತದೆ.

ಕ್ಯಾಮ್ಲಿನ್, ಫೆವಿಕ್ರಿಲ್ ಎಲ್ಲ ಪುಸ್ತಕದಂಗಡಿಯಲ್ಲೂ ಸಿಗುತ್ತವೆ, ಬೆಲೆಯೂ ಕಡಿಮೆ. ವರ್ಣದ್ರವ್ಯದ ಕಣ ದಪ್ಪವಿರುವುದರಿಂದ 0.3 ಮಿ.ಮೀ. ನಾಜಲ್ ಕಟ್ಟಿಕೊಳ್ಳುತ್ತದೆ, ನೀರು ಹೆಚ್ಚಿಸಿದರೆ ಪ್ಲಾಸ್ಟಿಕ್ ಮೇಲೆ ಹನಿಗಟ್ಟುತ್ತದೆ. ಮೈಬಣ್ಣಕ್ಕೆ ಬೇಡ, ತುಕ್ಕು, ಧೂಳಿನ ವಾಶ್‌ಗೆ (ತೀರ ತೆಳುಮಾಡಿ ಸಂದುಗಳಿಗೆ ಹರಿಸುವ ಬಣ್ಣ) ಚೆನ್ನಾಗಿಯೇ ಒದಗುತ್ತವೆ.

ಎನಾಮೆಲ್‌ನ ಮೇಲ್ಮೈ ನುಣುಪು, ಪೆಟ್ಟು ತಡೆಯುತ್ತದೆ, ಬ್ರಷ್‌ನಲ್ಲಿ ಹಚ್ಚಿದರೂ ಗೆರೆ ಉಳಿಯುವುದಿಲ್ಲ. ಏರ್‌ಬ್ರಷ್ ಇಲ್ಲದವರು ಹಂಬ್ರೋಲ್‌ನಂಥ ಮಾದರಿ ಎನಾಮೆಲ್ ಹಿಡಿದರೆ ತಪ್ಪಿಲ್ಲ. ಆದರೆ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವ ಬಣ್ಣ. ತೇವದ ದಿನಗಳಲ್ಲಿ ಮುಟ್ಟಿದರೆ ಬೆರಳಚ್ಚು ಬೀಳುವ ಸ್ಥಿತಿಯಲ್ಲೇ ಎರಡು ಮೂರು ದಿನ ಕಳೆಯುತ್ತದೆ, ಆ ಹೊತ್ತಿನಲ್ಲಿ ಬಿದ್ದ ಧೂಳು ಅಲ್ಲೇ ನಿಲ್ಲುತ್ತದೆ. ಡಿಕಾಲ್ ಅಂಟಿಸುವ ಮೊದಲು ಒಂದು ವಾರ ಬಿಡಿ. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್ ಬಣ್ಣದಲ್ಲಿ ನಿಜವಾದ ವ್ಯಾಗನ್‌ಗೆ ಹತ್ತಿರವಿದೆ ಎಂದು ಆಸೆಯಾಗುತ್ತದೆ. ಅದು ಗೇಟು, ಕಿಟಕಿ ಸರಳುಗಳಿಗೆ ಮಾಡಿದ್ದು. ಒಂದೇ ಪದರದಲ್ಲಿ ರಿವೆಟ್ ತಲೆಗಳೆಲ್ಲ ಮುಚ್ಚಿಹೋಗುತ್ತವೆ.

ಲ್ಯಾಕರ್ ಎಂದರೆ ನಮ್ಮಲ್ಲಿ ಮುಖ್ಯವಾಗಿ ಎರಡು: ವಾಹನ ಪೇಂಟಿನ ಅಂಗಡಿಯ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ, ಮತ್ತು ಸ್ಪ್ರೇ ಕ್ಯಾನ್. ಒಣಗುವುದು ನಿಮಿಷಗಳಲ್ಲಿ, ಪದರ ತೆಳು, ಗ್ಲಾಸ್, ಎಂದರೆ ಹೊಳಪು, ಅದ್ಭುತ. ಆದರೆ ಎನ್‌ಸಿ ಥಿನ್ನರ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಒದ್ದೆಯಾಗಿ ಹೊಡೆದರೆ ವ್ಯಾಗನ್‌ನ ಬದಿ ಸೀಳುಸೀಳಾಗಿ ಬಿರಿಯುತ್ತದೆ. ದೂರದಿಂದ ಮಂಜಿನಂತೆ ಎರಡು ಪದರ ಬೀಳಿಸಿ, ಅದು ಒಣಗಿದ ಮೇಲೆ ಮಾತ್ರ ಪೂರ್ಣ ಪದರ. ಆಗಲೂ ಮೊದಲು ಅಚ್ಚಿನ ಚೌಕಟ್ಟಿನ ತುಂಡಿನ ಮೇಲೆ ಪ್ರಯೋಗಿಸಿ ನೋಡಬೇಕು.

ಲ್ಯಾಕರ್‌ನ ಇನ್ನೊಂದು ತೊಂದರೆ ಬಿಳಿಚುವುದು. ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಒಣಗುತ್ತಿರುವ ಪದರದೊಳಗೆ ಸಿಕ್ಕಿಬೀಳುತ್ತದೆ. ಕೆಂಗಂದು ಮೈಯ ಮೇಲೆ ಬೂದಿ ಎರಚಿದ ಹಾಗೆ ಕಾಣುವುದು ಅದೇ. ಮಾಪಕ ಶೇ. 75 ದಾಟಿದ್ದರೆ ಲ್ಯಾಕರ್ ಮುಟ್ಟಬೇಡಿ. ಬಿಳಿಚಿದ ಮೇಲೆ ಇರುವ ಪರಿಹಾರವೆಂದರೆ ಒಣ ದಿನಕ್ಕಾಗಿ ಕಾದು ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿದ ತೆಳು ಪದರ ಹೊಡೆಯುವುದು. ಕೆಳಗಿನ ಪದರ ಮತ್ತೆ ಮೆತ್ತಗಾಗಿ ತೇವ ಹೊರಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ, ಬೆಳಗ್ಗೆ ಹತ್ತರ ನಂತರದ ಬಿಸಿಲಿನ ಹೊತ್ತು, ಲ್ಯಾಕರ್ ಕೆಲಸಕ್ಕೆ ಒಳ್ಳೆಯ ಕಾಲ. ವರ್ಷಕ್ಕೆ ಬೇಕಾದ ಪ್ರೈಮರ್, ಗ್ಲಾಸ್ ಕೆಲಸವನ್ನೆಲ್ಲ ಆಗ ಮುಗಿಸಿಟ್ಟು, ಮಳೆಗಾಲಕ್ಕೆ ಡಿಕಾಲ್ ಕೆಲಸ ಉಳಿಸಿಕೊಳ್ಳುವುದು ಜಾಣತನ.

3ಡಿ ಪ್ರಿಂಟ್ ಮಾಡಿದ ರೆಸಿನ್ ವ್ಯಾಗನ್‌ಗೆ ಬಣ್ಣಕ್ಕಿಂತ ಮುಖ್ಯ ತೊಳೆಯುವುದು ಮತ್ತು ಕ್ಯೂರ್ ಮಾಡುವುದು (ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಗೊಳಿಸುವುದು). ಅರೆಬೆಂದ ರೆಸಿನ್ ಮೇಲೆ ಯಾವ ಬಣ್ಣವೂ ಅಂಟಂಟಾಗಿಯೇ ಉಳಿಯುತ್ತದೆ. ಹಿತ್ತಾಳೆಯ ಭಾಗಗಳಿಗೆ ಲೋಹಕ್ಕೆಂದೇ ಇರುವ ಎಚಿಂಗ್ ಪ್ರೈಮರ್ ಬೇಕು, ಪ್ಲಾಸ್ಟಿಕ್ ಪ್ರೈಮರ್ ಉಗುರು ತಾಗಿದರೆ ಸಿಪ್ಪೆ ಏಳುತ್ತದೆ.

ಏರ್‌ಬ್ರಷ್, ಸ್ಪ್ರೇ ಕ್ಯಾನ್, ಬ್ರಷ್

ಐದು ವ್ಯಾಗನ್‌ಗಿಂತ ಹೆಚ್ಚು ಮಾಡುವ ಮನಸ್ಸಿದ್ದರೆ ಏರ್‌ಬ್ರಷ್‌ಗೇ ಹೋಗಿ: ಡ್ಯುಯಲ್ ಆ್ಯಕ್ಷನ್ (ಒಂದೇ ಗುಂಡಿಯಲ್ಲಿ ಗಾಳಿ, ಬಣ್ಣ ಎರಡನ್ನೂ ಹಿಡಿತದಲ್ಲಿಡುವ ಬಗೆ), ಮೇಲೆ ಬಟ್ಟಲು ಇರುವಂಥದ್ದು, 0.3 ಮಿ.ಮೀ. ನಾಜಲ್. 15ರಿಂದ 20 ಪಿಎಸ್‌ಐ ಒತ್ತಡ, ಮೈಯಿಂದ 8–10 ಸೆಂ.ಮೀ. ದೂರ. ಎಚ್‌ಒ ಬಾಕ್ಸ್‌ಎನ್‌ನ ಹೊರಮೈ, ಒಳಮೈ ಸೇರಿ ಒಂದು ಪದರಕ್ಕೆ ತೆಳುಮಾಡಿದ ಬಣ್ಣ 2–3 ಮಿ.ಲೀ. ಸಾಕಾಗುತ್ತದೆ. ನೀರು ಹಿಡಿಯುವ ಟ್ರ್ಯಾಪ್ ಇಲ್ಲದ ಕಂಪ್ರೆಸರ್ ಕೊಳ್ಳಲೇಬೇಡಿ. ಒದ್ದೆ ಗಾಳಿಯನ್ನು ಒತ್ತಿದಾಗ ಪೈಪಿನಲ್ಲಿ ನೀರು ಕಟ್ಟುತ್ತದೆ, ಅದು ಬಣ್ಣದ ನಡುವೆ ಹನಿಯಾಗಿ ಚಿಮ್ಮುತ್ತದೆ. ಮಳೆಗಾಲದಲ್ಲಿ ಅರ್ಧ ಗಂಟೆಗೊಮ್ಮೆ ಟ್ರ್ಯಾಪ್ ಬಸಿಯಬೇಕಾದೀತು. ಈಗ ಜನಪ್ರಿಯವಾಗಿರುವ ಬ್ಯಾಟರಿಯ ಕೈ ಏರ್‌ಬ್ರಷ್‌ಗಳಲ್ಲಿ ಹೆಚ್ಚಿನವುಗಳಿಗೆ ಈ ಟ್ರ್ಯಾಪ್ ಇಲ್ಲ. ಕರೆಂಟ್ ಹೋದಾಗ ಅನುಕೂಲವೇನೋ ನಿಜ, ಆದರೆ ನಮ್ಮ ಹವೆಗೆ ಅವು ಒಣ ತಿಂಗಳುಗಳ ಸಾಧನ.

ಸ್ಪ್ರೇ ಕ್ಯಾನ್ ಒಂದೆರಡು ವ್ಯಾಗನ್‌ಗೆ, ಪ್ರೈಮರ್‌ಗೆ ಸರಿ. ಮಾದರಿಗೆಂದೇ ಮಾಡಿದ ಕ್ಯಾನ್‌ಗಳನ್ನು ವಿಮಾನದಲ್ಲಿ ಕಳಿಸುವಂತಿಲ್ಲದ ಕಾರಣ ಅವು ಬರುವುದು ನಿಧಾನ, ಬಣ್ಣಗಳ ಆಯ್ಕೆಯೂ ಕಡಿಮೆ. ವಾಹನದ 400 ಮಿ.ಲೀ. ಕ್ಯಾನ್ ಎಲ್ಲೆಡೆ ಸಿಗುತ್ತದೆ. ಅದರ ನಾಜಲ್ ಉಗುಳುವ ಬಣ್ಣ ಎಚ್‌ಒಗೆ ಹೆಚ್ಚಾಯಿತು. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, 25–30 ಸೆಂ.ಮೀ. ದೂರದಿಂದ, ವ್ಯಾಗನ್‌ನ ಆಚೆಯೇ ಶುರು ಮಾಡಿ ಆಚೆಯೇ ನಿಲ್ಲಿಸಿ. ಒಲೆಯ ಮೇಲೆ, ಕುದಿಯುವ ನೀರಿನಲ್ಲಿ ಬಿಸಿಮಾಡಿದರೆ ಕ್ಯಾನ್ ಸಿಡಿಯುತ್ತದೆ. ಲ್ಯಾಕರ್ ಹೊಡೆಯುವಾಗ ಬಟ್ಟೆಯ ಮಾಸ್ಕ್ ಉಪಯೋಗಕ್ಕೆ ಬಾರದು, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಗ್ಯಾಸ್ ಒಲೆ, ದೇವರ ದೀಪ ಇರುವ ಕೋಣೆಯಲ್ಲಿ ಈ ಕೆಲಸ ಕೂಡದು.

ಬ್ರಷ್ ಬೋಗಿಗೆ (ವ್ಯಾಗನ್ ಅಡಿಯಲ್ಲಿ ಚಕ್ರಗಳನ್ನು ಹಿಡಿಯುವ ಚೌಕಟ್ಟು), ಬ್ರೇಕ್ ಸಿಲಿಂಡರ್‌ಗೆ, ಬ್ರೇಕ್ ವ್ಯಾನ್‌ನ ಕೈಕಂಬಿಗೆ. ದೊಡ್ಡ ಬದಿಗಳಿಗೆ ಆ್ಯಕ್ರಿಲಿಕ್ ಬ್ರಷ್‌ನಲ್ಲಿ ಹಚ್ಚಿದರೆ ಉಳಿಯುವ ಗೆರೆಗಳ ಮೇಲೆ ಡಿಕಾಲ್ ಕೂರುವುದಿಲ್ಲ, ಅದೊಂದೇ ಸಾಕು ಬೇಡವೆನ್ನಲು.

ಯಾವ ಸಾಧನವಾದರೂ ಮೊದಲು ಚಕ್ರ, ಕಪ್ಲರ್ ಬಿಚ್ಚಿ, ಮೈಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಅಚ್ಚಿನ ಎಣ್ಣೆ ಉಳಿದಲ್ಲಿ ಬಣ್ಣ ಮೀನಿನ ಕಣ್ಣಿನಂತೆ ಬಿಟ್ಟುಕೊಳ್ಳುತ್ತದೆ. ಒಣಗಿಸಲು ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟಿನ ಹಳೆಯ ತಂತಿ ಬಲ್ಬ್ ಸಾಕು: ರಟ್ಟಿಗೂ ವ್ಯಾಗನ್‌ಗೂ ಬಲ್ಬ್ 20 ಸೆಂ.ಮೀ. ದೂರವಿರಲಿ, ಒಳಗೆ ಥರ್ಮಾಮೀಟರ್ ಇಟ್ಟು 45 ಡಿಗ್ರಿ ಮೀರದಂತೆ ನೋಡಿ, ಉರಿಯುತ್ತಿರುವಾಗ ಬಳಿಯಲ್ಲೇ ಇರಿ. ರೆಸಿನ್ ಮೈ ಅದಕ್ಕಿಂತ ಬಿಸಿಯಲ್ಲಿ ಸೊಟ್ಟಗಾಗುತ್ತದೆ.

ಗ್ಲಾಸ್ ಪದರ ಮತ್ತು ಡಿಕಾಲ್ ಕೂರಿಸುವುದು

ಮ್ಯಾಟ್ ಬಣ್ಣದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗುಳಿಗಳಿವೆ. ಡಿಕಾಲ್ ಅವುಗಳ ಮೇಲೆ ಸೇತುವೆಯಂತೆ ನಿಂತಾಗ ಕೆಳಗೆ ಗಾಳಿ ಉಳಿದು ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ. ಇದನ್ನೇ ಸಿಲ್ವರಿಂಗ್ ಎನ್ನುವುದು. ಆದ್ದರಿಂದ ಡಿಕಾಲ್‌ಗೆ ಮೊದಲು ಗ್ಲಾಸ್ ಪದರ ತಪ್ಪಿಸುವಂತಿಲ್ಲ. ತಮಿಯಾ ಎಕ್ಸ್-22 ನಮ್ಮ ಮೊದಲ ಆಯ್ಕೆ; ವಲೇಹೊ ಗ್ಲಾಸ್ ಚೆನ್ನಾಗಿ ಗಟ್ಟಿಯಾಗುವ ಮೊದಲೇ ಡಿಕಾಲ್ ದ್ರಾವಣ ತಾಗಿದರೆ ಮಸುಕಾಗುತ್ತದೆ. ಯಾವುದಾದರೂ ಎರಡು ತೆಳು ಪದರ, ಕಡಿಮೆಯೆಂದರೆ 24 ಗಂಟೆ, ಮಳೆಗಾಲದಲ್ಲಿ 48.

ಮೆದುಗೊಳಿಸುವ ದ್ರಾವಣಗಳಲ್ಲಿ ಮೈಕ್ರೋ ಸೆಟ್ ಡಿಕಾಲ್ ಅಡಿಗೆ, ಮೈಕ್ರೋ ಸಾಲ್ ಮೇಲಕ್ಕೆ. ಸಾಲ್ವಾಸೆಟ್ ಇವೆರಡಕ್ಕಿಂತ ಪ್ರಬಲ. ದಪ್ಪ ಫಿಲ್ಮ್‌ಗೆ ಒಳ್ಳೆಯದು, ಆದರೆ ಮನೆಯಲ್ಲಿ ಮುದ್ರಿಸಿ ಸ್ಪ್ರೇ ಹೊಡೆದ ಹಾಳೆಯನ್ನು ಅದು ಕರಗಿಸಿಬಿಡಬಹುದು. ಸೆಟ್ ಸಿಗದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದರೆ ನಡೆಯುತ್ತದೆ, ಸಾಲ್‌ಗೆ ಮಾತ್ರ ಮನೆಮದ್ದು ಇಲ್ಲ. ನೀರಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು (ಆ್ಯಸಿಡ್ ಅಲ್ಲ) ಬಳಸಿ. ಬೋರ್‌ವೆಲ್ ನೀರಿನ ಕಬ್ಬಿಣದಂಶ ಡಿಕಾಲ್ ಅಂಚಿನಲ್ಲಿ ಹಳದಿ ಗೆರೆ ಬಿಡುತ್ತದೆ.

ಬಾಕ್ಸ್‌ಎನ್‌ನ ಒಂದು ಅಂಕಣವನ್ನು ಹಿಡಿದುಕೊಳ್ಳಿ. ಹೊಸ ಬ್ಲೇಡಿನಿಂದ, ಅಕ್ಷರಕ್ಕೆ ಅರ್ಧ ಮಿ.ಮೀ. ಅಂಚು ಬಿಟ್ಟು ಕತ್ತರಿಸಿ, ಮೂಲೆಗಳನ್ನು ಸ್ವಲ್ಪ ಗುಂಡಗೆ ಮಾಡಿ. ಚಿಮುಟದಲ್ಲಿ ಹಿಡಿದು ಉಗುರುಬೆಚ್ಚಗಿನ ನೀರಿನಲ್ಲಿ 10–15 ಸೆಕೆಂಡ್ ಅದ್ದಿ, ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಲ್ಲೇ ತೇಲಲು ಬಿಟ್ಟರೆ ಅಂಟು ಪೂರ್ತಿ ತೊಳೆದುಹೋಗುತ್ತದೆ. ಅಂಕಣಕ್ಕೆ ಸೆಟ್ ಹಚ್ಚಿ ಹಾಳೆಯಿಂದ ಫಿಲ್ಮನ್ನು ಒದ್ದೆ ಬ್ರಷ್‌ನಿಂದ ಜಾರಿಸಿ. ಸಾಲು ನೆಟ್ಟಗಿದೆಯೇ ಎಂದು ನೋಡಲು ವ್ಯಾಗನ್ ತಳದ ಅಂಚನ್ನು ನಂಬಬೇಡಿ, ಅಗಲ 2 ಮಿ.ಮೀ.ಗೆ ಸೀಳಿದ ಮಾಸ್ಕಿಂಗ್ ಟೇಪನ್ನು ಎಲ್ಲ ಅಂಕಣಗಳಿಗೂ ಅಡ್ಡಲಾಗಿ ಮೊದಲೇ ಅಂಟಿಸಿಟ್ಟರೆ ಎಲ್ಲ ಬರಹವೂ ಒಂದೇ ರೇಖೆಯಲ್ಲಿ ಬರುತ್ತದೆ. ಸ್ಥಾನ ಸರಿಯಾದ ಮೇಲೆ ಟಿಶ್ಯೂವಿನ ಮೂಲೆಯಿಂದ ನೀರು ಹೀರಿಸಿ. ಈಗ ಒಂದು ಹನಿ ಸಾಲ್. ಕೆಲವೇ ನಿಮಿಷಗಳಲ್ಲಿ ಫಿಲ್ಮ್ ಸುಕ್ಕುಗಟ್ಟುತ್ತದೆ; ಹೊಸಬರು ಹೆದರಿ ಬೆರಳು ಹಾಕುವುದು, ಅಕ್ಷರ ಹರಿಯುವುದು ಇಲ್ಲೇ. ಮುಟ್ಟದೆ ಬಿಡಿ, ಒಣಗಿದಾಗ ತಾನಾಗಿ ಬಿಗಿಯುತ್ತದೆ. ರಾತ್ರಿ ಕಳೆದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೆಳ್ಳಗೆ ಕಂಡಲ್ಲಿ ಸೂಜಿಯಿಂದ ಎರಡು ಮೂರು ಚುಚ್ಚು ಹಾಕಿ ಮತ್ತೆ ಸಾಲ್ ಹಚ್ಚಿ.

ಕಂಟೇನರ್‌ನ ಅಲೆಯಲೆಯ ತಗಡಿಗೆ ದೊಡ್ಡ ಅಕ್ಷರ ಅಂಟಿಸುವಾಗ ಪ್ರತಿ ತಗ್ಗಿನ ಮೂಲೆಯಲ್ಲಿ ಬ್ಲೇಡಿನಿಂದ ಸೀಳಬೇಕಾಗುತ್ತದೆ. ದಪ್ಪ ಟೋನರ್ ಇಲ್ಲಿ ಬಿರಿಯುತ್ತದೆ, ಸ್ಕ್ರೀನ್ ಪ್ರಿಂಟ್ ಹಾಳೆಗೇ ಹಣ ಹಾಕಿ.

ಪಿಒಎಚ್, ಆರ್‌ಒಎಚ್ (ವ್ಯಾಗನ್‌ನ ನಿಯತಕಾಲಿಕ ದೊಡ್ಡ ದುರಸ್ತಿ ಮತ್ತು ವಾಡಿಕೆಯ ದುರಸ್ತಿ) ತಾರೀಖು ಬರೆಯುವ ಪಟ್ಟಿಗೆ ಡಿಕಾಲ್ ಬೇಕೆಂದಿಲ್ಲ. ಸಣ್ಣ ಆಯತವನ್ನು ಕಪ್ಪಾಗಿ ಬಳಿದು ಅತಿ ಸಪೂರ ಬ್ರಷ್‌ನಿಂದ ಬಿಳಿ ಗೀಟು ಹಾಕಿದರೆ ಒಂದು ಅಡಿ ದೂರದಿಂದ ಅಕ್ಷರವೆಂದೇ ಕಾಣುತ್ತದೆ.

ಮೇಲಿನ ಮ್ಯಾಟ್, ಮತ್ತು ಧೂಳು

ಡಿಕಾಲ್ ಒಣಗಿದ ಮರುದಿನ ಒದ್ದೆ ಹತ್ತಿಯಿಂದ ಅಂಟಿನ ಕಲೆ ಒರೆಸಿ, ಇನ್ನೊಂದು ತೆಳು ಗ್ಲಾಸ್ ಕೊಟ್ಟು, ಆಮೇಲೆ ಮ್ಯಾಟ್. ಲ್ಯಾಕರ್ ಮ್ಯಾಟ್ ಸ್ಪ್ರೇಯ ಫಲಿತಾಂಶ ಎಲ್ಲಕ್ಕಿಂತ ಚೆಂದ, ಅಪಾಯವೂ ಎಲ್ಲಕ್ಕಿಂತ ಹೆಚ್ಚು: ತೇವದ ದಿನ ಹೊಡೆದರೆ ಮುಗಿದ ವ್ಯಾಗನ್ ಮೇಲೆ ಹಿಮ ಬಿದ್ದಂತಾಗುತ್ತದೆ. ಮಳೆಗಾಲದಲ್ಲಿ ವಲೇಹೊ ಮ್ಯಾಟ್ ವಾರ್ನಿಷನ್ನು ಏರ್‌ಬ್ರಷ್‌ನಲ್ಲಿ ಹೊಡೆಯುವುದೇ ಸರಿ. ಬಾಟಲಿಯನ್ನು ಎರಡು ನಿಮಿಷ ಕಲಕಬೇಕು. ಮ್ಯಾಟ್ ಪುಡಿ ತಳದಲ್ಲಿ ಉಳಿದರೆ ಒಂದು ಬದಿ ಹೊಳಪು, ಇನ್ನೊಂದು ಬದಿ ಬಿಳಿಚು.

ಬಾಕ್ಸ್‌ಎನ್ ರೇಕಿನಲ್ಲಿ 58 ವ್ಯಾಗನ್ ಎಂದರೆ ಎಚ್‌ಒದಲ್ಲೂ ಏಳು ಮೀಟರ್ ದಾಟುತ್ತದೆ. ಮನೆಯಲ್ಲಿ ಹತ್ತು ಹನ್ನೆರಡಕ್ಕೆ ಸಮಾಧಾನಪಡಬೇಕು. ಆ ಹತ್ತೂ ಒಂದೇ ಬಣ್ಣದಲ್ಲಿರುವುದು ಬೇಡ. ಮೈಬಣ್ಣವನ್ನು ಒಂದೇ ಬಾಟಲಿಯಲ್ಲಿ ಬೆರೆಸಿಟ್ಟು, ಮೂರು ವ್ಯಾಗನ್‌ಗೆ ಹಾಗೆಯೇ, ನಾಲ್ಕಕ್ಕೆ ಕೆಲವು ಹನಿ ಮಣ್ಣುಬಣ್ಣ ಸೇರಿಸಿ, ಉಳಿದವಕ್ಕೆ ಸ್ವಲ್ಪ ಕಪ್ಪು ಸೇರಿಸಿ ಹೊಡೆಯಿರಿ. ಈಚೆಗೆ ವರ್ಕ್‌ಶಾಪಿನಿಂದ ಬಂದದ್ದು, ಬಿಸಿಲಿಗೆ ಮಾಸಿದ್ದು, ಕಲ್ಲಿದ್ದಲು ಹೊತ್ತದ್ದು ಎಂಬ ಭೇದ ಅದರಿಂದಲೇ ಬರುತ್ತದೆ.

ಕೊಳೆಗೆ ಆ್ಯಕ್ರಿಲಿಕ್ ವಾಶ್, ಎನಾಮೆಲ್ ವಾಶ್, ಪುಡಿ ಮೂರೂ ಇವೆ. ಆ್ಯಕ್ರಿಲಿಕ್ ಮ್ಯಾಟ್ ಮೇಲೆ ಎನಾಮೆಲ್ ವಾಶ್ ಹಚ್ಚಿದರೆ ತಪ್ಪಾದಲ್ಲಿ ಟರ್ಪೆಂಟೈನ್‌ನಿಂದ ಒರೆಸಬಹುದು, ಕೆಳಗಿನದು ಕದಲದು. ಈ ಒಂದು ಗುಣಕ್ಕಾಗಿ ನಾವು ಅದನ್ನೇ ಹೇಳುತ್ತೇವೆ. ಸಿಮೆಂಟ್ ಸಾಗಿಸುವ ಬಿಸಿಎನ್‌ಗೆ ಬೂದು ಪುಡಿ ಬಾಗಿಲಿನ ಕೆಳಗಂಚಿನಿಂದ ಇಳಿದಂತೆ ಇರಲಿ, ಅದಿರಿನ ಬಾಕ್ಸ್‌ಎನ್‌ಗೆ ಕೆಂಪು ಮೇಲಂಚಿನಿಂದ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಪುಡಿ ಬಣ್ಣದಲ್ಲಿ ಚೆನ್ನಾಗಿ ಹೊಂದುತ್ತದೆ. ಬಾಣಲೆಯಲ್ಲಿ ಹುರಿದು ತೇವ ತೆಗೆದು, ತೆಳು ಹತ್ತಿ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದು ಬಳಸಿ. ದಪ್ಪ ಕಣ ಉಳಿದರೆ ಚಕ್ರದ ಅಚ್ಚಿನ ಗುಳಿಗೆ ಸೇರಿ ಅರೆಯುತ್ತದೆ. ಬೋಗಿಗೆ ಪುಡಿ ಹಾಕುವಾಗ ಚಕ್ರ ಬಿಚ್ಚಿಯೇ ಇರಲಿ. ಹಳಿಗೆ ತಾಗುವ ಅಂಚಿನಲ್ಲಿ ಬಣ್ಣವಾಗಲಿ ಪುಡಿಯಾಗಲಿ ನಿಂತರೆ ಅದೇ ಹಳಿಗೆ ಹತ್ತಿ ಇಂಜಿನ್‌ಗೆ ಕರೆಂಟ್ ತಪ್ಪುತ್ತದೆ.

ಉಳಿದ ಡಿಕಾಲ್ ಹಾಳೆಗಳನ್ನು ಎರಡು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಜಿಪ್ ಚೀಲದಲ್ಲಿ ಹಾಕಿ ಸ್ಟೀಲ್ ಡಬ್ಬಿಯಲ್ಲಿಡಿ. ಹೊರಗಿಟ್ಟರೆ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಅಂಟಿಗೆ ಬೂಷ್ಟು ಹಿಡಿಯುತ್ತದೆ. ಸಂಶಯವಿರುವ ಹಳೆಯ ಹಾಳೆಯಿಂದ ಬೇಡದ ಅಂಕಿಯೊಂದನ್ನು ಕತ್ತರಿಸಿ ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಉಳಿದ ಹಾಳೆಗೆ ಪಾರದರ್ಶಕ ಆ್ಯಕ್ರಿಲಿಕ್‌ನ ಒಂದು ಪದರ ಹೊಡೆದು, ಒಣಗಿದ ಮೇಲೆ ಅಕ್ಷರದ ಅಂಚಿಗೇ ಕತ್ತರಿಸಿ ಬಳಸಬಹುದು.